‘ನಾವು’ ನೋಡಿದ ನಯಾಗರಾ

ಗಂಡ ಹೆಂಡತಿ ಜೊತೆಯಾಗಿ ಪ್ರವಾಸ ಮಾಡಿ, ಇಬ್ಬರೂ ದಿನಚರಿ ಬರೆದಿಟ್ಟಿದ್ದರೆ, ಆ ದಿನಚರಿಗಳು ಎರಡಾಗಿಯೇ ಉಳಿಯಬೇಕು, ಅವನ್ನು ಬೆರೆಸಿ ಒಂದು ಮಾಡಲು ಯಾರೂ ಹೊರಡಬಾರದು ಎಂಬುದು ನನ್ನ ಅಭಿಪ್ರಾಯ. ಇಷ್ಟು ಸಣ್ಣ ಸಂಗತಿಗೆ ಒಂದು ಲೇಖನವೇ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗಿ, ಅಡ್ಡಿಯಿಲ್ಲ. ಆದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ತಾವೇ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಮಕ್ಕಳ ಮನೆಗೆಂದು ಸಮುದ್ರ ದಾಟುತ್ತಿದ್ದಾರೆ. ತಂದೆತಾಯಿಯರ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಏನು ಮಾಡುವುದೆಂದು ತಿಳಿಯದೆ ಕುಳಿತಿದ್ದಾರೆ. ಅವರಿಗಾದರೂ ಈ ಮಾತು ಉಪಯೋಗಕ್ಕೆ ಬಂದೀತು.

ಸಂದರ್ಭವನ್ನು ಹೇಳಿಬಿಡುತ್ತೇನೆ. ನನ್ನೊಡನೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ಮಿತ್ರರೊಬ್ಬರಿಗೆ ಸಹಸ್ರಚಂದ್ರದರ್ಶನ ಶಾಂತಿ ನಡೆಯಲಿದೆ. ಅವರು ಗಣಿತದ ಮೇಷ್ಟರು. ಹೆಸರು ಬರೆಯಬಾರದೆಂದು ಅವರ ಅಪ್ಪಣೆ. ನಿಮ್ಮಲ್ಲಿ ಕೆಲವರು ಊಹಿಸಿದರೂ ಬಾಯಿ ಬಿಡಬೇಡಿ. ಅವರೂ ಅವರ ಶ್ರೀಮತಿಯವರೂ 1983ರಿಂದ 2018ರವರೆಗೆ ದೇಶದೊಳಗೂ ಹೊರಗೂ ಮಾಡಿದ ಪ್ರವಾಸಗಳ ದಿನಚರಿಗಳು ಒಟ್ಟು ಹದಿಮೂರು ಪುಸ್ತಕಗಳಷ್ಟಿವೆ. ಬೆಂಗಳೂರಿನಲ್ಲಿರುವ ಅವರ ಮಗ ಇವನ್ನೆಲ್ಲ ಸೇರಿಸಿ ಒಂದು ಸುಂದರವಾದ ಗ್ರಂಥ ಮಾಡಿಸಿ, ಶಾಂತಿಯ ದಿನ ಬಂಧುಗಳಿಗೆ ಹಂಚಬೇಕೆಂದಿದ್ದಾನೆ. ಆಸೆ ಒಳ್ಳೆಯದು. ಪುಸ್ತಕಗಳನ್ನು ನನ್ನ ಬಳಿ ತಂದಿಟ್ಟು, “ಸಾರ್, ಅಪ್ಪನದನ್ನೂ ಅಮ್ಮನದನ್ನೂ ಬೆರೆಸಿ ಒಂದೇ ಓಟದಲ್ಲಿ ಓದುವ ಹಾಗೆ ತಿದ್ದಿಕೊಡಿ” ಎಂದ. ಮಾದರಿಗೆಂದು ತಾನೇ ಬೆರೆಸಿದ ಇಪ್ಪತ್ತು ಪುಟಗಳನ್ನೂ ಕೊಟ್ಟ. ಎರಡು ತಿಂಗಳು ಓದಿದೆ. ಓದಿದ ಮೇಲೆ ಆಗದು ಎಂದೆ. ಏಕೆ ಆಗದು ಎಂಬುದನ್ನು ಅವರೆಲ್ಲರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ.

ಹದಿಮೂರರಲ್ಲಿ ಏಳು ಮಿತ್ರರವು. ಗಟ್ಟಿ ರಟ್ಟಿನ ದೊಡ್ಡ ಪುಸ್ತಕಗಳು. ಮುತ್ತು ಪೋಣಿಸಿದಂಥ ಅಕ್ಷರ. ಪ್ರತಿ ಪುಟಕ್ಕೂ ಅಂಚು. ಶೀರ್ಷಿಕೆಗೆ ಕೆಂಪು ಶಾಯಿ. ಉಳಿದ ಆರು ಅವರ ಶ್ರೀಮತಿಯವರವು. ಅವು ದಿನಚರಿಯ ಪುಸ್ತಕಗಳೇ ಅಲ್ಲ, ಮಕ್ಕಳು ಬರೆದು ಬಿಟ್ಟ ನೂರು ಪುಟದ ನೋಟ್‌ಬುಕ್ಕುಗಳು. ಮುಂದಿನಿಂದ ಹಾಲಿನ ಲೆಕ್ಕ, ಅಗಸರ ಲೆಕ್ಕ. ಹಿಂದಿನಿಂದ ತಿರುಗಿಸಿದರೆ ಪ್ರವಾಸ. ಅದೂ ಮೊದಲಿಗೆ ಖರ್ಚಿನ ಪಟ್ಟಿಯಾಗಿಯೇ ಶುರುವಾಗಿ, ಯಾವುದೋ ಒಂದು ಸಾಲಿನಲ್ಲಿ ತನಗೆ ತಿಳಿಯದಂತೆ ಬರವಣಿಗೆಯಾಗಿಬಿಡುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಗೊಡವೆ ಅವರಿಗಿಲ್ಲ. ‘ದನ್ಯವಾದ’, ‘ಬಾಷೆ’, ‘ನಯಾಗ್ರ’. ಮೂವತ್ತೈದು ವರ್ಷ ಇಂಥವನ್ನೇ ಸುತ್ತುಹಾಕಿ ತಿದ್ದುವುದು ನನ್ನ ಜೀವನೋಪಾಯವಾಗಿತ್ತು. ಈ ಆರು ಪುಸ್ತಕಗಳ ಮೇಲೆ ಒಂದು ಚುಕ್ಕೆಯನ್ನೂ ಇಟ್ಟಿಲ್ಲ.

1983ರ ದಸರೆ ರಜೆಯ ಹಂಪೆಯನ್ನೇ ನೋಡಿ. ಮಿತ್ರರ ಪುಸ್ತಕದಲ್ಲಿ ವಿರೂಪಾಕ್ಷ ದೇವಾಲಯದ ಗೋಪುರದ ಎತ್ತರ ಸುಮಾರು 50 ಮೀಟರ್ ಎಂದಿದೆ. ವಿಜಯನಗರದ ನಾಲ್ಕು ರಾಜವಂಶಗಳ ಹೆಸರಿದೆ. ವಿಠ್ಠಲ ದೇವಾಲಯದ ಕಲ್ಲಿನ ರಥದ ಒಂದು ರೇಖಾಚಿತ್ರವೂ ಇದೆ. ಎಲ್ಲವೂ ಸರಿಯೇ. ಸರಿಯಾಗಿರುವುದೇ ಅದರ ತೊಂದರೆ. ಆ ಗೋಪುರ ಇಂದಿಗೂ ಅಷ್ಟೇ ಎತ್ತರವಿದೆ, ರಾಜವಂಶಗಳು ಇಂದಿಗೂ ನಾಲ್ಕೇ, ಕಲ್ಲಿನ ರಥವಂತೂ 2017ರಿಂದ ಐವತ್ತು ರೂಪಾಯಿಯ ನೋಟಿನ ಬೆನ್ನ ಮೇಲೆ ಏರಿ ಎಲ್ಲರ ಜೇಬಿನಲ್ಲೂ ಇದೆ. ನಲವತ್ತು ವರ್ಷದ ಹಿಂದೆ ಒಬ್ಬ ಮನುಷ್ಯ ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಹೋಗಿ ಬರೆದು ತರಬೇಕಾಗಿದ್ದದ್ದು ಇದೇ ಏನು?

ಅದೇ ದಿನದ ಬಗ್ಗೆ ಶ್ರೀಮತಿಯವರ ಪುಸ್ತಕದಲ್ಲಿರುವುದು ಇಷ್ಟು: “ತೇರುಬೀದಿಯ ಸಾಲುಮಂಟಪದಲ್ಲಿ ಒಂದು ಸಂಸಾರ. ಕಲ್ಲುಕಂಬಕ್ಕೆ ತೊಟ್ಟಿಲು ಕಟ್ಟಿದ್ದಾರೆ. ಬಿಸಿಲು ಬಹಳ, ಕೂರಿಸಿದರು. ಜೋಳದ ರೊಟ್ಟಿ, ಗುರೆಳ್ಳು ಪುಡಿ, ಮಜ್ಜಿಗೆ. ದುಡ್ಡು ಬೇಡವೆಂದರು. ಮಗುವಿನ ಕೈಗೆ 2 ರೂ. ಕೊಟ್ಟೆ. ಆ ಹೆಂಗಸಿಗೂ ನನ್ನ ವಯಸ್ಸೇ. ಗಂಡ ಹೊಸಪೇಟೆಗೆ ಕೂಲಿಗೆ ಹೋಗುತ್ತಾನಂತೆ.”

ಹಂಪೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ವಿರೂಪಾಕ್ಷನ ಮುಂದಿನ ಆ ಬೀದಿಯ ಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದವರನ್ನೂ ಅಂಗಡಿಗಳನ್ನೂ ಆಡಳಿತವು 2011ರಲ್ಲಿ ತೆರವು ಮಾಡಿತು. ಸ್ಮಾರಕ ಉಳಿಯಬೇಕಾದರೆ ಅದು ಅನಿವಾರ್ಯವಾಗಿತ್ತೇ, ಇಲ್ಲವೇ ಎಂಬ ವಾದ ದೊಡ್ಡದು, ಇಲ್ಲಿಗೆ ಬೇಡ. ಈಗ ಅಲ್ಲಿಗೆ ಹೋದವರಿಗೆ ಖಾಲಿ ಕಂಬಗಳು ಕಾಣುತ್ತವೆ. ಕಂಬಕ್ಕೆ ಕಟ್ಟಿದ್ದ ತೊಟ್ಟಿಲು ಯಾವ ಕೈಪಿಡಿಯಲ್ಲೂ ಇಲ್ಲ. ಇರುವುದು ಹಾಲಿನ ಲೆಕ್ಕದ ಹಿಂಬದಿಯಲ್ಲಿ. ಮಗ ಬೆರೆಸಿದ ಪ್ರತಿಯಲ್ಲಿ ಗೋಪುರವಿದೆ, ರಾಜವಂಶಗಳಿವೆ, “ಸ್ಥಳೀಯರ ಆತಿಥ್ಯವನ್ನು ಸವಿದೆವು” ಎಂಬ ಒಂದು ವಾಕ್ಯವಿದೆ. ತೊಟ್ಟಿಲು ಬಿದ್ದುಹೋಗಿದೆ.

ಅದೇ ಪ್ರವಾಸದಲ್ಲಿ ಅವರು ಬಿಜಾಪುರಕ್ಕೂ ಹೋದರು. (ಊರು ಅಧಿಕೃತವಾಗಿ ವಿಜಯಪುರವಾದದ್ದು 2014ರಲ್ಲಿ, 1983ರ ಪುಸ್ತಕದಲ್ಲಿ ಬಿಜಾಪುರವೆಂದೇ ಇರಲಿ ಎಂದು ಮಗನಿಗೆ ಹೇಳಿದ್ದೇನೆ.) ಗೋಳಗುಮ್ಮಟದ ಒಳಸುತ್ತಿನಲ್ಲಿ ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿರುವವರಿಗೆ ಕೇಳುತ್ತದೆ ಎಂಬುದು ನಿಮಗೆ ಗೊತ್ತಿದೆ, ನಿಮ್ಮಲ್ಲಿ ಮೂರು ತಂಡಗಳನ್ನು ನಾನೇ ಶಾಲಾ ಪ್ರವಾಸಕ್ಕೆ ಕರೆದೊಯ್ದಿದ್ದೆ, ನೀವು ಅಲ್ಲಿ ಪಿಸುಗುಟ್ಟಲಿಲ್ಲ, ಕಿರುಚಿದಿರಿ. ಮಿತ್ರರು ಗುಮ್ಮಟದ ಹೊರವ್ಯಾಸ ಸುಮಾರು 144 ಅಡಿ ಎಂದು ಬರೆದು, ಶಬ್ದ ಹೇಗೆ ಗೋಡೆಯ ಬಾಗನ್ನು ಅನುಸರಿಸಿ ಸಾಗುತ್ತದೆಂದು ಒಂದು ಚಿತ್ರ ಬಿಡಿಸಿ, “ಪಿಸುಮಾತನ್ನು ಪರೀಕ್ಷಿಸಿದೆವು” ಎಂದು ಮುಗಿಸಿದ್ದಾರೆ. ಶ್ರೀಮತಿಯವರು: “ಗೋಡೆಗೆ ಬಾಯಿಟ್ಟು ಇವರಿಗೆ ಒಂದು ಮಾತು ಹೇಳಿದೆ. ಶಾಲೆ ಹುಡುಗರ ಕೂಗಿನಲ್ಲಿ ಇವರಿಗೆ ಕೇಳಿಸಲಿಲ್ಲವಂತೆ. ಮತ್ತೆ ಹೇಳಲಿಲ್ಲ.”

ಏನು ಹೇಳಿದ್ದಿರಿ ಎಂದು ನಾನು ಅವರನ್ನು ಕೇಳಲಿಲ್ಲ. ಅದು ನನ್ನ ಕೆಲಸವಲ್ಲ. ಬೆರೆಸಿದ ಪ್ರತಿಯಲ್ಲಿ ಈ ಭಾಗ ಏನಾಗಿದೆ ಗೊತ್ತೇ? “ಪಿಸುಮಾತಿನ ಮೊಗಸಾಲೆಯ ವಿಸ್ಮಯವನ್ನು ನಾವಿಬ್ಬರೂ ಅನುಭವಿಸಿದೆವು.”

ಈಗ ನಯಾಗರಾ. 1999ರ ಬೇಸಿಗೆ ರಜೆಯಲ್ಲಿ ದಂಪತಿಗಳು ಅಮೆರಿಕದಲ್ಲಿದ್ದ ಮಗಳ ಮನೆಗೆ ಹೋದರು. ಮಿತ್ರರ ಅಮೆರಿಕದ ಪುಸ್ತಕ ಏಳರಲ್ಲೂ ದಪ್ಪನೆಯದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದ ಮೇಲೆ ಮಕ್ಕಳನ್ನು ನೋಡಲು ಹೋದ ಕನ್ನಡದ ತಂದೆಯರೆಲ್ಲ ಒಂದೊಂದು ಪುಸ್ತಕ ಬರೆಯಲು ಕುಳಿತರೆಂದು ನಾವು ಅಧ್ಯಾಪಕರ ಕೊಠಡಿಯಲ್ಲಿ ತಮಾಷೆ ಮಾಡುತ್ತಿದ್ದೆವು. ಮಿತ್ರರೂ ಬರೆದರು. ನಯಾಗರಾಕ್ಕೇ ಒಂಬತ್ತು ಪುಟ. “ನಾವು ಕಣ್ತುಂಬ ನೋಡಿದೆವು”, “ನಾವು ನೀಲಿ ಅಂಗಿ ತೊಟ್ಟು ದೋಣಿಯಲ್ಲಿ ಜಲಪಾತದ ಬುಡಕ್ಕೇ ಹೋದೆವು”, “ನಾವು ನಮ್ಮ ಜೋಗವನ್ನು ನೆನೆದೆವು”. ಜೋಗ 253 ಮೀಟರ್. ನಯಾಗರಾ ಅದರ ಕಾಲುಭಾಗಕ್ಕಿಂತಲೂ ಕಡಿಮೆ. ಆದರೆ ಅದರ ಅಗಲವೇ ಅಗಲ, ನೀರೇ ನೀರು. ಲೆಕ್ಕದ ಮೇಷ್ಟರಾದ್ದರಿಂದ ಎರಡನ್ನೂ ಅಕ್ಕಪಕ್ಕ ಇಟ್ಟು ಕೋಷ್ಟಕ ಹಾಕಿದ್ದಾರೆ.

ಶ್ರೀಮತಿಯವರ ಪುಸ್ತಕದಲ್ಲಿ ಆ ದಿನಕ್ಕೆ ಎಂಟು ಸಾಲು. ಪೂರ್ತಿ ಕೊಡುತ್ತೇನೆ:

“ಮಗುವಿಗೆ ರಾತ್ರಿಯಿಂದ ಜ್ವರ. ನೀವು ಹೋಗಿ ಬನ್ನಿ, ಇಷ್ಟು ದೂರ ಬಂದು ನೋಡದೆ ಹೋಗಬಾರದು, ಮಗು ನನ್ನ ಹತ್ತಿರ ಇರಲಿ ಎಂದೆ. ಮೂವರೂ ಹೋದರು. ಹಣೆಗೆ ಒದ್ದೆ ಬಟ್ಟೆ, ಔಷಧಿ ಎರಡು ಸಲ. ಅನ್ನದ ಗಂಜಿ ಮಾಡಲು ಒಲೆಯಿಲ್ಲ, ಕಾಫಿ ಮಾಡುವ ಯಂತ್ರದಲ್ಲಿಯೇ ನೀರು ಕಾಯಿಸಿ ಅವಲಕ್ಕಿ ನೆನೆಸಿದೆ. ಸಂಜೆ ಬಂದರು. ನೀಲಿ ಪ್ಲಾಸ್ಟಿಕ್ ಅಂಗಿ ತಂದಿದ್ದಾರೆ, ಚೆನ್ನಾಗಿದೆ, ಮಳೆಗಾಲಕ್ಕೆ ಆಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಮಗು ಮಲಗಿತು. ಕಿಟಕಿ ತೆಗೆದೆ. ಸದ್ದು ಕೇಳಿತು. ಹೇಮಾವತಿ ತುಂಬಿದಾಗಿನ ಹಾಗೆಯೇ.”

ಮರುದಿನ ಬೆಳಗ್ಗೆ ಅವರು ಕಾರು ಹತ್ತಿ ಹಿಂದಿರುಗಿದ್ದಾರೆ. ಎಂದರೆ ಈ ಹೆಣ್ಣುಮಗಳು ನಯಾಗರಾ ಜಲಪಾತವನ್ನು ನೋಡಿಯೇ ಇಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಿಂದ ಆ ಮನೆಯಲ್ಲಿ “ಅಪ್ಪ ಅಮ್ಮ ನಯಾಗರಾ ನೋಡಿ ಬಂದಿದ್ದಾರೆ” ಎಂಬ ಮಾತು ಚಲಾವಣೆಯಲ್ಲಿದೆ. ನಾನೇ ಎಷ್ಟೋ ಸಲ ಕೇಳಿದ್ದೇನೆ. ಶ್ರೀಮತಿಯವರೂ ಒಮ್ಮೆಯೂ ಅಲ್ಲವೆಂದಿಲ್ಲ. ಜ್ವರ ಬಂದಿದ್ದ ಆ ಮಗು ಈಗ ಅಲ್ಲಿಯೇ ಎಂಜಿನಿಯರಾಗಿ ಕೆಲಸಕ್ಕೆ ಸೇರಿದೆ.

ಒಂದು ಸಣ್ಣ ವಿಷಯವನ್ನು ಇಲ್ಲಿ ಸೇರಿಸಬೇಕು. ಅಮೆರಿಕ ಮತ್ತು ಕೆನಡಾ ದೇಶಗಳು 1950ರಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ ಪ್ರವಾಸಿಗಳು ನೋಡುವ ಕಾಲದಲ್ಲಿ ನಯಾಗರಾದ ಮೇಲೆ ಸೆಕೆಂಡಿಗೆ ಕನಿಷ್ಠ ಒಂದು ಲಕ್ಷ ಘನ ಅಡಿ ನೀರು ಹರಿಯಬೇಕು. ಉಳಿದ ಹೊತ್ತಿನಲ್ಲಿ ಅದರ ಅರ್ಧ ಸಾಕು. ಮಿಕ್ಕದ್ದನ್ನು ವಿದ್ಯುತ್ತಿಗಾಗಿ ತಿರುಗಿಸಿಕೊಳ್ಳಬಹುದು. ಬೇಸಿಗೆಯಲ್ಲಿ ಪ್ರವಾಸಿಗಳ ಕಾಲವೆಂದರೆ ಬೆಳಗ್ಗೆ ಎಂಟರಿಂದ ರಾತ್ರಿ ಹತ್ತು. ಲಿಂಗನಮಕ್ಕಿಯ ಅಣೆಕಟ್ಟು ಬಂದ ಮೇಲೆ ನಮ್ಮ ಜೋಗದ ಕಥೆ ಏನಾಯಿತೆಂದು ಬಲ್ಲ ನಮಗೆ ಇದೇನೂ ಹೊಸದಲ್ಲ. ಆ ತಾಯಿ ಹನ್ನೊಂದರ ಮೇಲೆ ಕಿಟಕಿ ತೆರೆದಾಗ ಕೇಳಿದ್ದು, ಹಗಲಿನದಲ್ಲ, ಆ ಇಳಿಸಿದ ನೀರಿನ ಸದ್ದು. ಅದನ್ನು ಹೇಮಾವತಿಗೆ ಹೋಲಿಸಿದ್ದಾರೆ. ಮಿತ್ರರ ಒಂಬತ್ತು ಪುಟದಲ್ಲಿ ಕೋಷ್ಟಕವಿದೆ, ಈ ಸದ್ದು ಇಲ್ಲ.

ಮಿತ್ರರ ಮುಂದೆ ಎರಡೂ ಪುಟಗಳನ್ನು ತೆರೆದಿಟ್ಟಾಗ ಅವರು ತುಸುಹೊತ್ತು ಸುಮ್ಮನಿದ್ದು, “ನಾವು ಎಂದರೆ ಮನೆಯವರು ಎಂದರ್ಥ ಕಣಯ್ಯಾ, ಅದರಲ್ಲೇನು ಸುಳ್ಳು?” ಎಂದರು. ಅವರು ಸುಳ್ಳು ಬರೆದರೆಂದು ನಾನೂ ಹೇಳುವುದಿಲ್ಲ. ತಪ್ಪು ಬಹುಶಃ ಆ ಪದದ್ದು. ಮೇಷ್ಟರ ಚಟ, ಒಂದು ವ್ಯಾಕರಣದ ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ತೆಲುಗಿನವರಿಗೆ ಎರಡು ‘ನಾವು’ಗಳಿವೆ: ‘ಮನಮು’ ಎಂದರೆ ಕೇಳುವವರನ್ನೂ ಸೇರಿಸಿಕೊಂಡ ನಾವು, ‘ಮೇಮು’ ಎಂದರೆ ಕೇಳುವವರನ್ನು ಬಿಟ್ಟ ನಾವು. ತಮಿಳರಿಗೆ ‘ನಾಮ್’, ‘ನಾಂಗಳ್’. ನಮ್ಮ ಕರಾವಳಿಯ ತುಳುವರಿಗೂ ‘ನಮ’ ಬೇರೆ, ‘ಎಂಕುಳು’ ಬೇರೆ. ಇಂದಿನ ಕನ್ನಡಕ್ಕೆ ಮಾತ್ರ ಒಂದೇ ‘ನಾವು’. ಅದರೊಳಗೆ ಯಾರನ್ನು ಬೇಕಾದರೂ ಕೂರಿಸಬಹುದು, ಕೂತವರನ್ನು ಒಂದು ಮಾತೂ ಕೇಳಬೇಕಾಗಿಲ್ಲ. ಸಭೆ ಸಮಾರಂಭಗಳಲ್ಲಿ ಇದು ಅನುಕೂಲ. ದಂಪತಿಗಳ ದಿನಚರಿಯಲ್ಲಿ ಅಪಾಯ.

ಮಗನ ವಾದವನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವನು ಬುದ್ಧಿವಂತ, ನನ್ನ ವಿದ್ಯಾರ್ಥಿಯೂ ಹೌದು. ಒಂದೇ ಊರನ್ನು ಎರಡು ಸಲ ಯಾರು ಓದುತ್ತಾರೆ ಎನ್ನುತ್ತಾನೆ. ಅಮ್ಮನ ಕಾಗುಣಿತ ನೋಡಿ ಜನ ನಗುತ್ತಾರೆ ಎನ್ನುತ್ತಾನೆ. ಪ್ಯಾರಿಸ್ಸಿನಲ್ಲಿ ಶೌಚಾಲಯಕ್ಕೆ ಅರ್ಧ ಯೂರೋ, ಅಂದರೆ ನಮ್ಮ 28 ರೂಪಾಯಿ ಕೊಟ್ಟೆವೆಂದು ಅಮ್ಮ ಬರೆದಿರುವುದನ್ನು ಶಾಂತಿಗೆ ಬಂದ ಬೀಗರ ಕೈಗೆ ಕೊಡುವುದೇ ಎನ್ನುತ್ತಾನೆ. ನನಗಂತೂ 2006ರ ಯೂರೋಪ್ ಪ್ರವಾಸದಲ್ಲಿ ಅತ್ಯಂತ ಜೀವಂತವಾದ ಪುಟ ಅದೇ. ಮಿತ್ರರ ಯೂರೋಪ್ ಪುಸ್ತಕ ಏಳರಲ್ಲೂ ಸಪ್ಪೆ ಎಂದು ಅವರ ಎದುರಿಗೇ ಹೇಳಿದ್ದೇನೆ. ಹದಿಮೂರು ದಿನಕ್ಕೆ ಆರು ದೇಶ ತೋರಿಸುವ ಬಸ್ಸಿನಲ್ಲಿ ಕುಳಿತವರು ಮಾರ್ಗದರ್ಶಿ ಹೇಳಿದ್ದನ್ನು ಬರೆದುಕೊಳ್ಳದೆ ಇನ್ನೇನು ಮಾಡಿಯಾರು? ಯುಂಗ್‌ಫ್ರಾವ್‌ಯೋಕ್ ನಿಲ್ದಾಣ 3,454 ಮೀಟರ್ ಎತ್ತರದಲ್ಲಿದೆ, ರೈಲು ಅಲ್ಲಿಗೆ ಮುಟ್ಟಿದ್ದು 1912ರಲ್ಲಿ. ಹೌದು, ಸರಿ, ಮುಂದೆ? ಶ್ರೀಮತಿಯವರು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಹೆಸರನ್ನೂ ಬರೆದಿಲ್ಲ. “ದೊಡ್ಡ ಚರ್ಚು. ಒಳಗೆ ತಂಪು. ಮೇಣದಬತ್ತಿ 2 ಯೂರೋ. ಬಹಳವಾಯಿತು. ಆದರೂ ಅಮ್ಮನ ಹೆಸರಿನಲ್ಲಿ ಒಂದು ಹಚ್ಚಿದೆ.” 2019ರ ಏಪ್ರಿಲ್‌ನಲ್ಲಿ ಆ ಚರ್ಚಿನ ಮಾಡು ಹೊತ್ತಿ ಉರಿದದ್ದನ್ನು ದೂರದರ್ಶನದಲ್ಲಿ ನೋಡಿದಾಗ ಅವರಿಗೆ ಅದು ತಮ್ಮ ಮೇಣದಬತ್ತಿಯ ಚರ್ಚೆಂದು ಗೊತ್ತಾಗಲಿಲ್ಲವಂತೆ. ಮೊನ್ನೆ ನಾವು ಪುಸ್ತಕಗಳನ್ನು ತಾಳೆ ನೋಡುವಾಗಲೇ ಗೊತ್ತಾದದ್ದು. 2024ರ ಡಿಸೆಂಬರ್‌ನಲ್ಲಿ ಮತ್ತೆ ತೆರೆದಿದ್ದಾರೆಂದು ಹೇಳಿದೆ. ಸದ್ಯ ಎಂದರು.

ಬೆರೆಸುವ ಆಸೆ ನಮ್ಮ ಕಾಲದ್ದೇ ಅಲ್ಲ. ಆಂಗ್ಲ ಕವಿ ಷೆಲ್ಲಿ 1814ರ ಜುಲೈನಲ್ಲಿ, ಇನ್ನೂ ಹದಿನೇಳು ತುಂಬದ ಮೇರಿಯೊಡನೆ ಮನೆ ಬಿಟ್ಟು ಫ್ರಾನ್ಸ್, ಸ್ವಿಟ್ಜರ್ಲೆಂಡುಗಳನ್ನು ಸುತ್ತಿದ. ಪ್ಯಾರಿಸ್ಸಿನಲ್ಲಿ ಒಂದು ಕತ್ತೆ ಕೊಂಡರು. ಅದು ಹೊರಲಾರದೆ ಅದನ್ನು ಬಿಟ್ಟು ಹೇಸರಗತ್ತೆ ಕೊಂಡರು. ದುಡ್ಡು ಮುಗಿದು ರೈನ್ ನದಿಯ ದೋಣಿ ಹಿಡಿದು ಹಿಂದಿರುಗಿದರು. ಇಬ್ಬರೂ ಕೂಡಿ ಒಂದೇ ದಿನಚರಿ ಬರೆದರು, ಅದರಿಂದ ಮೂಡಿದ ಪುಸ್ತಕ 1817ರಲ್ಲಿ ಲೇಖಕರ ಹೆಸರಿಲ್ಲದೆ ಅಚ್ಚಾಯಿತು. ಚೆಲುವಾದ ಪುಸ್ತಕವೇ. ಆದರೆ ಅವರ ಜೊತೆ ಮೂರನೆಯವಳೊಬ್ಬಳಿದ್ದಳು, ಮೇರಿಯ ಮಲತಂಗಿ ಕ್ಲೇರ್. ಅವಳೂ ತನ್ನದೇ ದಿನಚರಿ ಇಟ್ಟಿದ್ದಳು. ಅದು ಅಚ್ಚಾಗಲು 1968 ಬರಬೇಕಾಯಿತು. ಹೆಂಡತಿಯೇ ಗಂಡನ ಬರಹಕ್ಕೆ ಕೈ ಹಾಕಿದ ಉದಾಹರಣೆಯೂ ಇದೆ. ಅಮೆರಿಕದ ಕಾದಂಬರಿಕಾರ ಹಾಥಾರ್ನ್ 1864ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಸೋಫಿಯಾ ಅವನ ಟಿಪ್ಪಣಿ ಪುಸ್ತಕಗಳನ್ನು ಪ್ರಕಟಿಸಿದಳು. ಪ್ರಕಟಿಸುವಾಗ ಗಂಡನ ಗೌರವಕ್ಕೆ ತಕ್ಕುದಲ್ಲವೆಂದು ಕಂಡದ್ದನ್ನೆಲ್ಲ ಅಳಿಸಿದಳು, ತಿದ್ದಿದಳು. ಅಳಿಸಿದ್ದನ್ನು ಮರಳಿ ಓದಿ ಸೇರಿಸಲು ಇಪ್ಪತ್ತನೆಯ ಶತಮಾನದ ವಿದ್ವಾಂಸರು ವರ್ಷಗಟ್ಟಲೆ ದುಡಿದರು. ಅದೇ ಸೋಫಿಯಾ ಇಂಗ್ಲೆಂಡ್ ಮತ್ತು ಇಟಲಿಯ ಬಗ್ಗೆ ತಾನು ಬರೆದದ್ದನ್ನು ಬೇರೆಯೇ ಪುಸ್ತಕವಾಗಿ 1869ರಲ್ಲಿ ತಂದಳು. ಅಷ್ಟರ ಮಟ್ಟಿಗೆ ಆಕೆ ಮಾಡಿದ್ದು ಸರಿ.

ದುಡ್ಡಿನ ಲೆಕ್ಕ ಬರೆಯುವುದು ಮರ್ಯಾದೆಯಲ್ಲ ಎಂಬವರಿಗೆ ನಮ್ಮ ನೆರೆಯವರದೇ ಒಂದು ಪುಸ್ತಕ ತೋರಿಸಬೇಕು. ಮದರಾಸಿನ ಸುಪ್ರೀಂ ಕೋರ್ಟಿನಲ್ಲಿ ದುಭಾಷಿಯಾಗಿದ್ದ ಏನುಗುಲ ವೀರಾಸ್ವಾಮಿ 1830ರಲ್ಲಿ ಪರಿವಾರ ಸಮೇತ ಕಾಶಿಗೆ ಹೊರಟು ಹದಿನೈದು ತಿಂಗಳಿಗೆ ಹಿಂದಿರುಗಿದ. ದಾರಿಯುದ್ದಕ್ಕೂ ಅವನು ತೆಲುಗಿನಲ್ಲಿ ಬರೆದದ್ದು 1838ರಲ್ಲಿ ಅಚ್ಚಾಯಿತು. ಯಾವ ಊರಿನಲ್ಲಿ ನೀರು ಸಿಹಿ, ಎಲ್ಲಿ ಇಳಿಯಲು ಛತ್ರವಿದೆ, ಎಲ್ಲಿ ಅಂಗಡಿಯಿದೆ, ದಾರಿ ಎಂಥದು, ಹೊರೆಯವರಿಗೆ ಏನು ಕೊಡಬೇಕು. ಇಂದಿಗೆ ಚರಿತ್ರೆಕಾರರು ಅದನ್ನು ಹುಡುಕಿಕೊಂಡು ಹೋಗುವುದು ಇವುಗಳಿಗಾಗಿಯೇ. ವಿಶ್ವನಾಥನ ಮಹಿಮೆಯನ್ನು ಅವನಿಗಿಂತ ಚೆನ್ನಾಗಿ ಬರೆದವರು ಅವನಿಗಿಂತ ಹಿಂದೆಯೂ ಇದ್ದರು, ಮುಂದೆಯೂ ಬಂದರು. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆ ಪರಿವಾರದಲ್ಲಿದ್ದ ಹೆಂಗಸರು ಹದಿನೈದು ತಿಂಗಳು ಏನು ಕಂಡರು? ಕಾಡಿನ ದಾರಿಯಲ್ಲಿ ಒಲೆ ಹೂಡಿದವರು ಯಾರು, ಮಳೆಯಲ್ಲಿ ಒದ್ದೆಯಾದ ಸೌದೆ ಹೊತ್ತಿಸಿದ್ದು ಹೇಗೆ? ಅವರ ಕೈಯಲ್ಲಿ ಹಾಲಿನ ಲೆಕ್ಕದ ಪುಸ್ತಕವೂ ಇರಲಿಲ್ಲ. ನಮ್ಮ ಮಿತ್ರರ ಮನೆಯಲ್ಲಿ ಇತ್ತು. ಇದ್ದದ್ದನ್ನು ನಾವೇ ಕರಗಿಸುವುದೇ?

ಹಾಗೆಂದು ಮಿತ್ರರ ಏಳು ಪುಸ್ತಕಗಳನ್ನು ಬದಿಗೆ ಸರಿಸಿ ಎಂದು ನಾನು ಹೇಳುತ್ತಿಲ್ಲ. ರೈಲು ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ನಿಂತಿತೆಂದು ಅವರು ಬರೆದಷ್ಟು ಶ್ರದ್ಧೆಯಿಂದ ರೈಲ್ವೆಯವರೂ ಬರೆದಿರಲಾರರು. ಅವರು ಕೈಯಿಂದ ಬರೆದ ನಕ್ಷೆಗಳು ಬಹಳ ಚೆಂದ. 1999ರಲ್ಲಿ ನ್ಯೂಯಾರ್ಕಿನ ವಿಶ್ವ ವಾಣಿಜ್ಯ ಕೇಂದ್ರದ ದಕ್ಷಿಣ ಗೋಪುರದ 107ನೆಯ ಮಹಡಿಗೆ ಹತ್ತಿ ನಿಂತದ್ದನ್ನು ನಾಲ್ಕು ಪುಟ ಬರೆದು, ಕೊನೆಗೆ ಬೇರೆ ಶಾಯಿಯಲ್ಲಿ “11-9-2001. ಇಲ್ಲ.” ಎಂದು ಎರಡೇ ಪದ ಸೇರಿಸಿದ್ದಾರೆ. ಅವರ ಏಳು ಪುಸ್ತಕಗಳಲ್ಲಿ ನನಗೆ ಅತ್ಯಂತ ಪ್ರಿಯವಾದ ಸಾಲು ಅದು. ಮಗ ಅದನ್ನು ಒಂದು ಅಡಿಟಿಪ್ಪಣಿಯಾಗಿ ವಿಸ್ತರಿಸಿದ್ದ, ಸತ್ತವರ ಸಂಖ್ಯೆ ಸಮೇತ. ತೆಗೆಸಿದ್ದೇನೆ.

ಬಿಡಬೇಕಾದದ್ದು ಏನೂ ಇಲ್ಲವೇ? ಇದೆ. 1991ರ ಉತ್ತರ ಭಾರತದ ಯಾತ್ರೆಯಲ್ಲಿ ದೆಹಲಿಯ ಬಂಧುಗಳ ಮನೆಯಲ್ಲಿ ಮೂರನೆಯ ದಿನದಿಂದ ಕಾಫಿಗೆ ಹಾಲು ಕಡಿಮೆಯಾದ ಸಂಗತಿಯನ್ನು ಶ್ರೀಮತಿಯವರು ಲೋಟದ ಲೆಕ್ಕದಲ್ಲಿ ದಾಖಲಿಸಿದ್ದಾರೆ. ಆ ಬಂಧುಗಳು ಇನ್ನೂ ಇದ್ದಾರೆ, ಶಾಂತಿಗೂ ಬರುತ್ತಾರೆ. ಬದುಕಿರುವವರ ಮನಸ್ಸು ನೋಯುವ ಸಾಲನ್ನು ಅಚ್ಚಿನಲ್ಲಿ ಬಿಟ್ಟುಬಿಡಿ, ಬಿಟ್ಟ ಕಡೆ ಚುಕ್ಕೆಗಳನ್ನು ಹಾಕಿ, ಮೂಲವನ್ನು ಹರಿಯಬೇಡಿ ಎಂದೆ. ಬಿಡುವುದು ಬೇರೆ, ಬದಲಾಯಿಸುವುದು ಬೇರೆ. “ಬಂಧುಗಳ ಆದರದ ಆತಿಥ್ಯ” ಎಂದು ಆ ಜಾಗದಲ್ಲಿ ಬರೆದರೆ ಕಾಫಿಗೂ ಅನ್ಯಾಯ, ಕನ್ನಡಕ್ಕೂ ಅನ್ಯಾಯ.

ಈಗ ಪ್ರವಾಸಕ್ಕೆ ಹೊರಡುವ ನಿಮಗೆ, ಅದರಲ್ಲೂ ಮಕ್ಕಳ ಬಾಣಂತನಕ್ಕೆಂದು ಹೋಗಿ ನಡುನಡುವೆ ಊರು ನೋಡುವ ದಂಪತಿಗಳಿಗೆ, ಒಂದೆರಡು ಮಾತು. ನಿಮ್ಮ ಫೋನಿನಲ್ಲಿ ಸಾವಿರಾರು ಚಿತ್ರಗಳಿರುತ್ತವೆ. ಚಿತ್ರ ತೆಗೆದವರು ಚಿತ್ರದಲ್ಲಿ ಇರುವುದಿಲ್ಲ, ಕೋಣೆಯಲ್ಲಿ ಮಗುವಿನೊಡನೆ ಉಳಿದವರು ಮೊದಲೇ ಇರುವುದಿಲ್ಲ. ಆದ್ದರಿಂದ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಒಂದಲ್ಲ, ಎರಡು. ಅಂದಿನದನ್ನು ಅಂದೇ ರಾತ್ರಿ ಬರೆಯಿರಿ. ಎತ್ತರ, ಅಗಲ, ಕಟ್ಟಿಸಿದ ದೊರೆಯ ಹೆಸರನ್ನು ಫಲಕದ ಮೇಲೆಯೇ ಬಿಟ್ಟುಬನ್ನಿ. ಯಾರು ಹೋದರು, ಯಾರು ಹೋಗಲಿಲ್ಲ, ಏನು ತಿಂದಿರಿ, ಎಷ್ಟು ಕೊಟ್ಟಿರಿ, ಯಾರು ಕೂರಿಸಿ ನೀರು ಕೊಟ್ಟರು ಎಂಬುದನ್ನು ತನ್ನಿ. ಒಬ್ಬರದನ್ನು ಒಬ್ಬರು ನೋಡಿ ಬರೆಯಬೇಡಿ. ಪರೀಕ್ಷೆಯಲ್ಲಿ ಇದನ್ನು ನಿಮಗೆ ನಾನು ಬೇಕಾದಷ್ಟು ಸಲ ಹೇಳಿದ್ದೇನೆ. ‘ನಾವು’ ಎಂದು ಬರೆಯುವಾಗ ಎಷ್ಟು ಜನ ಎಂದು ಒಮ್ಮೆ ಬೆರಳು ಮಡಿಸಿ ಎಣಿಸಿ.

ಗ್ರಂಥ ಹೇಗಿರಬೇಕೆಂಬುದು ಕೊನೆಗೂ ತೀರ್ಮಾನವಾಗಿದೆ. ಎಡಗಡೆ ಪುಟದಲ್ಲಿ ಮಿತ್ರರದು, ಬಲಗಡೆ ಪುಟದಲ್ಲಿ ಶ್ರೀಮತಿಯವರದು, ದಿನಾಂಕಕ್ಕೆ ದಿನಾಂಕ ಎದುರುಬದಿರು. ನಯಾಗರಾದ ಭಾಗದಲ್ಲಿ ಎಡಕ್ಕೆ ಒಂಬತ್ತು ಪುಟ ತುಂಬಿದ್ದರೆ ಬಲಕ್ಕೆ ಎಂಟು ಸಾಲಿನ ಮೇಲೆ ಉಳಿದ ಪುಟಗಳೆಲ್ಲ ಖಾಲಿ. ಕಾಗದ ದಂಡ ಎಂದು ಅಚ್ಚಿನವರು ಗೊಣಗಿದರು. ಮಗ, ಖಾಲಿಯೇ ಇರಲಿ, ಅದರ ಹಣವನ್ನೂ ಕೊಡುತ್ತೇನೆ ಎಂದನಂತೆ. ಕರಡು ಪ್ರತಿಯನ್ನು ಶ್ರೀಮತಿಯವರಿಗೆ ಓದಲು ಕೊಟ್ಟು, ತೆಗೆಯಬೇಕಾದದ್ದು, ತಿದ್ದಬೇಕಾದದ್ದು ಏನಾದರೂ ಇದ್ದರೆ ಗುರುತು ಹಾಕಿ ಎಂದಿದ್ದೆ. ಎಂಟು ದಿನ ಇಟ್ಟುಕೊಂಡು ಹಿಂದಿರುಗಿಸಿದ್ದಾರೆ. ಒಂದೇ ಒಂದು ಗುರುತಿದೆ, 1983ರ ಬಿಜಾಪುರದ ಪುಟದಲ್ಲಿ: ಚಪ್ಪಲಿ ಹೊಲಿಸಿದ್ದಕ್ಕೆ ಕೊಟ್ಟದ್ದು 75 ಪೈಸೆಯಲ್ಲ, 50 ಪೈಸೆ.